ಬಿತ್ತನೆಗೆ ಮುನ್ನವೇ ಗ್ರಾಹಕರು: ಪಟ್ಟಣದ ಕುಟುಂಬಗಳೊಡನೆ ಸಹಭಾಗಿ ಬೇಸಾಯ

ಆನೇಕಲ್, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ತರಕಾರಿ ಬೇಸಾಯವು ಬಹುಕಾಲದಿಂದ ನಡೆದುಬಂದಿದೆ. ಇವುಗಳ ಸಮೀಪದಲ್ಲಿಯೇ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಪೀಣ್ಯ ಬೆಳೆದು ನಿಂತಿವೆ. ಆದರೂ ಹೊಲಕ್ಕೂ ಅಲ್ಲಿನ ಅಡುಗೆಮನೆಗೂ ನಡುವೆ ಮಂಡಿ, ದಲ್ಲಾಳಿ, ಚಿಲ್ಲರೆ ಅಂಗಡಿಗಳಿವೆ. 2023ರ ಜುಲೈನಲ್ಲಿ ಟೊಮೆಟೊ ಬೆಲೆ ಕಿಲೋ ಒಂದಕ್ಕೆ 100 ರೂಪಾಯಿ ದಾಟಿತು. ಬೆಲೆ ಕುಸಿದಾಗ ಬಿಡಿಸುವ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಗೆ ಸುರಿದದ್ದೂ ಉಂಟು. ಈ ಏರಿಳಿತದ ಭಾರವನ್ನು ಹಂಚಿಕೊಳ್ಳುವ ಒಂದು ಮಾರ್ಗವೇ ಸಹಭಾಗಿ ಬೇಸಾಯ.

ಹಾಗೆಂದರೇನು?

ಪಟ್ಟಣದ ಕುಟುಂಬಗಳು ಬಿತ್ತನೆಗೆ ಮುನ್ನವೇ ಹಂಗಾಮಿನ ಹಣ ಕೊಟ್ಟು ಸದಸ್ಯರಾಗುತ್ತವೆ. ಕೊಯ್ಲಾದಂತೆ ವಾರವಾರವೂ ತಮ್ಮ ಪಾಲಿನ ತರಕಾರಿ ಪಡೆಯುತ್ತವೆ. ಜಪಾನಿನಲ್ಲಿ 1970ರ ದಶಕದಲ್ಲಿ ಇಂತಹ ಪದ್ಧತಿ ‘ತೇಕೇ’ ಎಂಬ ಹೆಸರಿನಿಂದ ಹರಡಿತು. ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಷೈರ್ ರಾಜ್ಯಗಳಲ್ಲಿ 1986ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ 2017ರಲ್ಲಿ ಪ್ರಾರಂಭವಾದ ಫಾರ್ಮಿಜನ್ ಸಂಸ್ಥೆಯು ಇದಕ್ಕೆ ಹತ್ತಿರದ ಕ್ರಮವನ್ನು ತಂದಿತು. ನಗರವಾಸಿಯು ತಿಂಗಳ ಶುಲ್ಕ ಕೊಟ್ಟು 600 ಚದರ ಅಡಿಯ ಮಡಿಗಳನ್ನು ಹಿಡಿದು, ಬೇಕಾದ ಬೆಳೆಯನ್ನು ಮೊಬೈಲಿನಲ್ಲಿ ಆರಿಸುವುದು, ರೈತನು ಅದನ್ನು ಬೆಳೆದುಕೊಡುವುದು ಆ ಏರ್ಪಾಡು.

ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ 1959ರಲ್ಲಿ ಹುಟ್ಟಿದ ಹಾಪ್‌ಕಾಮ್ಸ್ ಕೂಡ ದಲ್ಲಾಳಿಗಳಿಲ್ಲದ ಮಾರಾಟವನ್ನು ಕಲಿಸಿತು. ಆದರೆ ಅಲ್ಲಿ ಬೆಲೆ ದೊರೆಯುವುದು ಬೆಳೆದ ಮಾಲಿಗೆ. ಆಲಿಕಲ್ಲು ಬಿದ್ದರೆ ನಷ್ಟ ರೈತನದೇ. ಸಹಭಾಗಿ ಬೇಸಾಯದಲ್ಲಿ ಸದಸ್ಯರೂ ಆ ನಷ್ಟಕ್ಕೆ ಹೆಗಲು ಕೊಡುತ್ತಾರೆ. ಮನೆಬಾಗಿಲಿಗೆ ತರಕಾರಿ ತಲುಪಿಸುವುದಷ್ಟೇ ಸಹಭಾಗಿ ಬೇಸಾಯವಾಗದು.

ಶುಲ್ಕ ನಿಗದಿ

ಶುಲ್ಕವನ್ನು ಮಂಡಿಯ ದರದಿಂದಲ್ಲ, ಖರ್ಚಿನಿಂದ ಲೆಕ್ಕ ಹಾಕಬೇಕು. ಬೀಜ, ಗೊಬ್ಬರ, ಕೂಲಿ, ಸಾಗಣೆಯ ಜೊತೆಗೆ ಮನೆಯವರ ದುಡಿಮೆಗೂ ಬೆಲೆ ಕಟ್ಟಬೇಕು. ಉದಾಹರಣೆಗೆ, ಅರ್ಧ ಎಕರೆಯಲ್ಲಿ 12 ವಾರಗಳ ಕೊಯ್ಲು ಮುಗಿಯುವವರೆಗಿನ ವೆಚ್ಚ 72,000 ರೂಪಾಯಿ ಎಂದಿಟ್ಟುಕೊಂಡರೆ, 15 ಕುಟುಂಬಗಳಿಗೆ ತಲಾ 4,800 ರೂಪಾಯಿ, ಅಂದರೆ ವಾರಕ್ಕೆ 400 ರೂಪಾಯಿ ಬೀಳುತ್ತದೆ.

ಬೆಳೆ ಯೋಜನೆ

ಒಂದೇ ಬೆಳೆಯನ್ನು ಒಮ್ಮೆಗೇ ಹಾಕಿದರೆ ಬುಟ್ಟಿ ತುಂಬದು. ಮೆಂತ್ಯ ಸುಮಾರು 30 ದಿನಗಳಲ್ಲಿ, ಮೂಲಂಗಿ 45 ದಿನಗಳಲ್ಲಿ ಕೊಯ್ಲಿಗೆ ಬರುವುದರಿಂದ ಇವನ್ನು ಮಡಿಮಡಿಯಾಗಿ, ವಾರ ಬಿಟ್ಟು ವಾರ ಬಿತ್ತುವುದು ಸೂಕ್ತ. ಟೊಮೆಟೊದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಸಂಕರಣ ತಳಿಯು ಎಲೆ ಮುಟುರು ನಂಜು, ದುಂಡಾಣು ಸೊರಗು ಮತ್ತು ಎಲೆ ಅಂಗಮಾರಿ ರೋಗಗಳನ್ನು ತಡೆದುಕೊಳ್ಳುತ್ತದೆ. ನಾಟಿ ಅವರೆ ಚಳಿಗಾಲದ ಬೆಳೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-4 ತಳಿಯನ್ನು ಬೇರೆ ಕಾಲದಲ್ಲಿಯೂ ಬೆಳೆಯಬಹುದು. ಯಾವ ತಿಂಗಳು ಯಾವ ತರಕಾರಿ ಬರುವುದೆಂಬ ಪಟ್ಟಿಯನ್ನು ಸದಸ್ಯರಿಗೆ ಮೊದಲೇ ಕೊಡಬೇಕು.

ನೀರಿನ ಪರೀಕ್ಷೆ

ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಕಂಡುಬಂದಿದೆ. ಬೆಳ್ಳಂದೂರು, ವರ್ತೂರು ಕೆರೆಗಳಿಗೆ ನಗರದ ಕೊಳಚೆ ಹರಿದಿದೆ. ಆದುದರಿಂದ ಸದಸ್ಯರನ್ನು ಸೇರಿಸುವ ಮೊದಲು ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಅವರಿಗೆ ತೋರಿಸಬೇಕು. ಹಾಕಿದ ಗೊಬ್ಬರ, ಸಿಂಪಡಿಸಿದ ಔಷಧಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕು.

ಒಪ್ಪಂದದಲ್ಲಿ ಇರಬೇಕಾದವು

1. ಮಳೆ, ರೋಗದಿಂದ ಬೆಳೆ ಕೆಟ್ಟರೆ ಪಾಲು ಕಡಿಮೆಯಾಗುವುದು. ಹಣ ವಾಪಸು ಇಲ್ಲ.
2. ಮಂಡಿಯಲ್ಲಿ ಬೆಲೆ ಇಳಿದರೂ ಶುಲ್ಕ ಇಳಿಯದು.
3. ಬೆಲೆ ಏರಿದರೂ ಸದಸ್ಯರ ಪಾಲನ್ನು ಮಂಡಿಗೆ ಸಾಗಿಸಕೂಡದು.
4. ತಿಂಗಳಿಗೊಮ್ಮೆ ಸದಸ್ಯರು ಹೊಲಕ್ಕೆ ಬಂದು ನೋಡಬಹುದು.

ಈ ಪೈಕಿ ಮೂರನೆಯದನ್ನು ಪಾಲಿಸುವುದೇ ಕಷ್ಟ. ಟೊಮೆಟೊ 100 ರೂಪಾಯಿ ಮುಟ್ಟಿದ ದಿನ ಮಾತು ಉಳಿಸಿಕೊಂಡ ರೈತನು, ಅದು 5 ರೂಪಾಯಿಗೆ ಇಳಿದ ದಿನ ಸದಸ್ಯರಿಂದಲೂ ಅದನ್ನೇ ನಿರೀಕ್ಷಿಸಬಹುದು. ಆರಂಭದಲ್ಲಿ ಅರ್ಧ ಎಕರೆಯನ್ನು ಮಾತ್ರ ಇದಕ್ಕೆ ಬಿಟ್ಟು, ಒಂದೇ ವಸತಿ ಸಮುಚ್ಚಯದ 10-15 ಕುಟುಂಬಗಳನ್ನು ಸೇರಿಸಿಕೊಂಡು, ಒಂದು ಹಂಗಾಮಿನ ಲೆಕ್ಕ ನೋಡಿದ ಮೇಲೆ ವಿಸ್ತರಿಸುವುದು ಲೇಸು.