ಅಶ್ವಹೃದಯ ಬಲ್ಲವರ ಪಂದ್ಯ

ಮೈಸೂರಿನ ದಸರಾ ಮೆರವಣಿಗೆಯಲ್ಲಿ ಜನಸಾಗರದ ನಡುವೆ, ವಾದ್ಯಗಳ ಅಬ್ಬರಕ್ಕೆ ಬೆದರದೆ, ಸಾಲು ಕೆಡದೆ ಸಾಗುವ ಅಶ್ವದಳವನ್ನು ಕಂಡು ತಲೆದೂಗದವರಿಲ್ಲ. ಆದರೆ ಆ ಗಂಭೀರ ನಡೆಯ ಹಿಂದೆ ಪ್ರತಿಯೊಂದು ಕುದುರೆಯ ಬಾಳಿನಲ್ಲಿಯೂ ಒಂದು ಮೊದಲ ದಿನವಿದ್ದಿತೆಂಬುದು ಎಷ್ಟು ಜನರ ನೆನಪಿಗೆ ಬಂದೀತು? ಬೆನ್ನ ಮೇಲೆ ಎಂದೂ ಭಾರ ಕಾಣದ ಪ್ರಾಣಿಯೊಂದು ಮೊಟ್ಟಮೊದಲ ಬಾರಿಗೆ ಜೀನನ್ನೂ, ಜೀನಿನ ಮೇಲೆ ಮನುಷ್ಯನನ್ನೂ ಹೊತ್ತ ದಿನ ಅದು. ಕುದುರೆಯ ಮುಂದಿನ ಬಾಳೆಲ್ಲ ಆ ಒಂದು ದಿನದ ಅನುಭವವನ್ನು ಅವಲಂಬಿಸಿರುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ಅಂದು ಹುಟ್ಟಿದ ನಂಬಿಕೆ ಕೊನೆಯವರೆಗೆ ಉಳಿಯುತ್ತದೆ. ಅಂದು ಹೊಕ್ಕ ಭಯವೂ ಅಷ್ಟೇ.

ಸಾಮಾನ್ಯವಾಗಿ ಈ ಘಟನೆ ಲಾಯದ ಒಂದು ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದೆ ನಡೆದುಹೋಗುತ್ತದೆ. ಅದನ್ನೇ ಸಾವಿರಾರು ಪ್ರೇಕ್ಷಕರ ಮುಂದೆ, ತೀರ್ಪುಗಾರರ ಎದುರಿನಲ್ಲಿ, ಗಡಿಯಾರವನ್ನಿಟ್ಟುಕೊಂಡು ನಡೆಸಿದರೆ ಹೇಗೆ? ಅಮೆರಿಕದಲ್ಲಿ ಈ ಶತಮಾನದ ಆರಂಭದಿಂದ ನಡೆಯುತ್ತ ಬಂದಿರುವ ‘ರೋಡ್ ಟು ದ ಹಾರ್ಸ್’ ಎಂಬ ಸ್ಪರ್ಧೆ ಇಂಥದು.

ಮೂರು ದಿನಗಳ ಪರೀಕ್ಷೆ

ಟೂಟಿ ಬ್ಲಾಂಡ್ ಎಂಬ ಮಹಿಳೆಯ ಸಾಹಸದ ಫಲವಾಗಿ ಈ ಪಂದ್ಯ 2003ರಲ್ಲಿ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ನಗರದಲ್ಲಿ ಮೊದಲಾಯಿತು. ಅನಂತರ ಟೆನೆಸಿ ರಾಜ್ಯಕ್ಕೆ ಹೋಗಿ, ಮುಂದೆ ಹಲವು ವರ್ಷ ಕೆಂಟಕಿಯ ಲೆಕ್ಸಿಂಗ್‌ಟನ್ನಿನಲ್ಲಿ ನೆಲೆಸಿತು. ಮೊದಲ ಪಂದ್ಯವನ್ನು ಗೆದ್ದಾತ ಆಸ್ಟ್ರೇಲಿಯ ಮೂಲದ ಕ್ಲಿಂಟನ್ ಆಂಡರ್ಸನ್.

ಪಂದ್ಯದ ಕ್ರಮ ಸರಳವಾದುದು. ಸವಾರಿಯನ್ನೇ ಕಾಣದ, ಸುಮಾರು ಮೂರು ವರ್ಷ ಪ್ರಾಯದ ಕುದುರೆಗಳ ಒಂದು ಹಿಂಡನ್ನು ತಂದು ಬಿಡುತ್ತಾರೆ. ಸ್ಪರ್ಧಿಗಳು ಅವುಗಳ ನಡಿಗೆಯನ್ನೂ, ಕಿವಿ ಕಣ್ಣುಗಳ ಚಲನೆಯನ್ನೂ, ಹಿಂಡಿನಲ್ಲಿ ಒಂದರೊಡನೊಂದು ವರ್ತಿಸುವ ಬಗೆಯನ್ನೂ ನೋಡಿ ತಮತಮಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾರೆ. ಬಳಿಕ ಒಬ್ಬೊಬ್ಬರಿಗೂ ಕಂಬಿಬೇಲಿಯ ದುಂಡನೆಯ ಅಂಗಳವೊಂದು. ವ್ಯಾಸ ಸುಮಾರು 50ರಿಂದ 60 ಅಡಿ. ಮೂರು ದಿನಗಳಲ್ಲಿ ದೊರೆಯುವ ಕೆಲಸದ ಅವಧಿಯನ್ನೆಲ್ಲ ಕೂಡಿಸಿದರೂ ಕೆಲವೇ ಗಂಟೆಗಳು. ಕೊನೆಯ ದಿನ ಆ ಕುದುರೆಯನ್ನೇರಿ ನಡೆ, ಕುಕ್ಕುಲೋಟ, ದೌಡುಗಳನ್ನು ತೋರಿಸಬೇಕು. ಮರದ ಸೇತುವೆ, ನೆಲಕ್ಕೆ ಹಾಸಿದ ಟಾರ್ಪಾಲು, ಅಡ್ಡಗಟ್ಟಿದ ದಿಮ್ಮಿಗಳಂಥ ತೊಡಕುಗಳನ್ನು ದಾಟಿಸಬೇಕು.

ಹಲವು ವರ್ಷಗಳ ಪಂದ್ಯಕ್ಕೆ ಕುದುರೆಗಳು ಬಂದುದು ಟೆಕ್ಸಾಸಿನ ಗತ್ರಿ ಎಂಬಲ್ಲಿರುವ ‘ಫೋರ್ ಸಿಕ್ಸಸ್’ ಎಂಬ ಪ್ರಸಿದ್ಧ ಗೋಮಾಳದಿಂದ. 1870ರಲ್ಲಿ ಬರ್ಕ್ ಬರ್ನೆಟ್ ಎಂಬಾತ ಕಟ್ಟಿದ ಈ ಸಂಸ್ಥೆಯ ಪಶುಗಳ ಮೈಮೇಲೆ ನಾಲ್ಕು ಆರುಗಳ ಮುದ್ರೆ. ಆತ ಇಸ್ಪೀಟಿನಾಟದಲ್ಲಿ ನಾಲ್ಕು ಆರುಗಳು ಬಿದ್ದು ಆಸ್ತಿಯನ್ನು ಗೆದ್ದನೆಂದು ಜನ ಕಥೆ ಕಟ್ಟಿದ್ದಾರೆ. ನಿಜವೇನೆಂದರೆ ಆತ ಕೊಂಡ ಹಸುಗಳ ಮೇಲೆ ಆ ಮುದ್ರೆ ಮೊದಲೇ ಇದ್ದಿತು. ಜೂಜಿಗೂ ಕುದುರೆಗೂ ನಂಟು ಕಟ್ಟುವುದು ಜನಮನಕ್ಕೆ ಪ್ರಿಯವೆಂದು ತೋರುತ್ತದೆ. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡು ಬಾಹುಕನಾಗಿ ಋತುಪರ್ಣನ ರಥ ಹೊಡೆದ ನಳಮಹಾರಾಜನ ಕಥೆ ಕನ್ನಡಿಗರಿಗೆ ಹೊಸದೇನಲ್ಲ. ಋತುಪರ್ಣ ಅಕ್ಷಹೃದಯವನ್ನು ಕಲಿಸಿದ. ನಳ ಅದಕ್ಕೆ ಪ್ರತಿಯಾಗಿ ಅಶ್ವಹೃದಯವನ್ನು ಕೊಟ್ಟ. ಕುದುರೆಯ ವಿದ್ಯೆಗೆ ‘ಹೃದಯ’ ಎಂದೇ ಹೆಸರಿಟ್ಟ ಹಿರಿಯರು ಎಂಥ ಮರ್ಮಜ್ಞರು!

ಓಟವೇ ಅದರ ಆಯುಧ

ಕುದುರೆಗೆ ಹುಲಿಯ ಉಗುರಿಲ್ಲ, ಗೂಳಿಯ ಕೊಂಬಿಲ್ಲ. ಒದೆಯಬಲ್ಲುದು, ಕಚ್ಚಬಲ್ಲುದು, ನಿಜ. ಆದರೆ ಪ್ರಕೃತಿ ಅದಕ್ಕೆ ಕೊಟ್ಟ ಮುಖ್ಯ ರಕ್ಷಣೆ ಓಟ. ಮುಖದ ಎರಡು ಪಕ್ಕಗಳಲ್ಲಿರುವ ದೊಡ್ಡ ಕಣ್ಣುಗಳಿಂದ ಅದು ಹಣೆಯ ನೇರ ಮುಂದಿನ ಮತ್ತು ಬಾಲದ ನೇರ ಹಿಂದಿನ ಸ್ವಲ್ಪ ಜಾಗವನ್ನು ಬಿಟ್ಟು ಸುತ್ತಲಿನ ಬಹುಪಾಲನ್ನೂ ನೋಡಬಲ್ಲುದು. ಸಂಶಯ ಬಂದೊಡನೆ ಓಟ, ವಿಚಾರವೇನಿದ್ದರೂ ಆಮೇಲೆ. ಬಯಲಿನಲ್ಲಿ ಬಾಳುತ್ತಿದ್ದ ಅದರ ಪೂರ್ವಿಕರ ಬೆನ್ನ ಮೇಲೆ ಏನಾದರೂ ಎರಗಿತೆಂದರೆ ಅದು ಬೇಟೆಯ ಮೃಗವೇ ಆಗಿರುತ್ತಿತ್ತು. ಅಂಥ ಪ್ರಾಣಿಯ ಹೊಟ್ಟೆಗೆ ಪಟ್ಟಿ ಬಿಗಿದು, ಬೆನ್ನ ಮೇಲೆ ಕುಳಿತು, ‘ಹೆದರಬೇಡ’ ಎಂದು ಹೇಳುವುದು ಎಂಥ ಕಠಿಣವಾದ ಮಾತು!

ಆದುದರಿಂದ ಬಲ್ಲ ಶಿಕ್ಷಕ ಮೊದಲು ಜೀನಿಗೆ ಕೈಹಾಕುವುದಿಲ್ಲ. ಅಂಗಳದ ನಡುವೆ ನಿಂತು ಕುದುರೆಯನ್ನು ಸುತ್ತ ಓಡಗೊಡುತ್ತಾನೆ. ಕುದುರೆ ಓಡುತ್ತಲೇ ಒಂದು ಕಿವಿಯನ್ನು ಅವನತ್ತ ತಿರುಗಿಸುತ್ತದೆ, ಸ್ವಲ್ಪ ಹೊತ್ತಿನ ಮೇಲೆ ವೇಗ ತಗ್ಗುತ್ತದೆ, ತಲೆ ಬಾಗುತ್ತದೆ, ಕೊನೆಗೆ ನಿಂತು ಅವನ ಕಡೆಗೆ ಮುಖ ಮಾಡುತ್ತದೆ. ಆ ಕ್ಷಣದಲ್ಲಿ ಶಿಕ್ಷಕ ಮುಂದೆ ಬರುವುದಿಲ್ಲ, ಹಿಂದಕ್ಕೆ ಸರಿಯುತ್ತಾನೆ. ವಿದ್ಯೆಯ ಗುಟ್ಟೆಲ್ಲ ಈ ಹಿಂದೆಗೆತದಲ್ಲಿದೆ. ಒತ್ತಡ ಹಾಕಬೇಕು, ಸರಿಯಾದ ಉತ್ತರ ಬಂದೊಡನೆ ಅದನ್ನು ಬಿಡಬೇಕು. ಕುದುರೆ ಕಲಿಯುವುದು ಒತ್ತಡದಿಂದಲ್ಲ, ಬಿಡುಗಡೆಯಿಂದ. ಬಿಡುಗಡೆ ಒಂದು ಗಳಿಗೆ ತಡವಾದರೆ ಅದು ಬೇರೆಯೇ ಪಾಠವನ್ನು ಕಲಿತುಬಿಡುತ್ತದೆ.

ಮುಂದಿನ ಹೆಜ್ಜೆಗಳೆಲ್ಲ ಇದೇ ನೀತಿಯ ವಿಸ್ತರಣೆ. ಮೊದಲು ಕೈಯ ಸ್ಪರ್ಶ, ಆಮೇಲೆ ಹಗ್ಗ, ಅನಂತರ ಕಂಬಳಿ. ಕಂಬಳಿಯನ್ನು ಬೆನ್ನಿಗೆ ತಾಗಿಸಿ ತೆಗೆಯುವುದು, ಮತ್ತೆ ತಾಗಿಸಿ ತೆಗೆಯುವುದು. ಎಡಕ್ಕೆ ಮಾಡಿದ್ದನ್ನೆಲ್ಲ ಬಲಕ್ಕೂ ಮಾಡುವುದು. ಎಡಗಣ್ಣಿಗೆ ಪರಿಚಯವಾದ ಜೀನು ಬಲಗಣ್ಣಿಗೆ ಕಂಡಾಗ ಕುದುರೆ ಹೊಸ ಭೂತವನ್ನು ಕಂಡಂತೆ ಬೆಚ್ಚಬಹುದು. ಜೀನು ಬಿಗಿದಾಗ ಹಲವು ಕುದುರೆಗಳು ಬೆನ್ನನ್ನು ಬಿಲ್ಲಾಗಿಸಿ ನೆಗೆದಾಡುತ್ತವೆ. ಅದು ತಣಿದ ಮೇಲೆ ಶಿಕ್ಷಕ ರಿಕಾಪಿನಲ್ಲಿ ಒಂದು ಕಾಲಿಟ್ಟು, ಅರ್ಧ ಭಾರ ಹಾಕಿ, ಇಳಿದುಬಿಡುತ್ತಾನೆ. ಏರುವುದಕ್ಕಿಂತ ಇಳಿಯುವುದನ್ನೇ ಹತ್ತು ಸಲ ಅಭ್ಯಾಸ ಮಾಡುವ ಈ ತಾಳ್ಮೆಯನ್ನು ಕಂಡಾಗ, ಒಂದೇ ದಿನದಲ್ಲಿ ಮಗ್ಗಿಯನ್ನೆಲ್ಲ ಬಾಯಿಪಾಠ ಮಾಡಿಸಹೊರಡುವ ತಂದೆತಾಯಿಗಳಿಗೂ ಇದರಲ್ಲಿ ಒಂದು ನೀತಿಯಿದೆಯೆನಿಸದಿರದು.

ಬಲದಿಂದ ಒಲವಿಗೆ

ಈ ವಿಚಾರ ತೀರ ಹೊಸದಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಗ್ರೀಸಿನ ಯೋಧ ಕ್ಸೆನೊಫನ್ ಅಶ್ವಶಿಕ್ಷಣವನ್ನು ಕುರಿತು ಗ್ರಂಥ ಬರೆದು, ಬಲಾತ್ಕಾರದಿಂದ ಮಾಡಿಸಿದ ಕೆಲಸದಲ್ಲಿ ಅರಿವೂ ಇಲ್ಲ, ಅಂದವೂ ಇಲ್ಲವೆಂದು ಸಾರಿದ. ಆದರೆ ಅಮೆರಿಕದ ದನಗಾಹಿಗಳಿಗೆ ಅಷ್ಟು ಪುರಸತ್ತು ಇರಲಿಲ್ಲ. ಕುದುರೆಯನ್ನು ಕಂಬಕ್ಕೆ ಬಿಗಿದು, ಕಣ್ಣು ಕಟ್ಟಿ, ಜೀನು ಹೇರಿ, ಅದು ನೆಗೆನೆಗೆದು ಸೋಲುವವರೆಗೆ ಮೇಲೆ ಕುಳಿತಿರುವುದು ಅಲ್ಲಿಯ ಸಾಮಾನ್ಯ ಪದ್ಧತಿ. ಅದಕ್ಕೆ ಇಂಗ್ಲಿಷಿನಲ್ಲಿ ಕುದುರೆಯನ್ನು ‘ಮುರಿಯುವುದು’ ಎಂದೇ ಹೆಸರು. ಇಂದಿನ ಶಿಕ್ಷಕರು ಆ ಮಾತನ್ನು ಬಿಟ್ಟು ‘ಆರಂಭಿಸುವುದು’ ಎನ್ನುತ್ತಾರೆ.

ಈ ಮಾರ್ಪಾಟಿನ ಹಾದಿಯಲ್ಲಿ ಒಹಾಯೋದ ಜಾನ್ ರೇರಿಯ ಹೆಸರು ಸ್ಮರಣೀಯ. 1858ರಲ್ಲಿ ಈತ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ತನ್ನ ವಿದ್ಯೆಯನ್ನು ತೋರಿಸಿದ. ಕ್ರೂಸರ್ ಎಂಬ ಗಂಡುಕುದುರೆ ಹತ್ತಿರ ಬಂದವರನ್ನೆಲ್ಲ ಕಚ್ಚಿ ಕೊಲ್ಲಹೊರಡುತ್ತಿತ್ತು. ಅದರ ಬಾಯಿಗೆ ಕಬ್ಬಿಣದ ಕುಕ್ಕೆ ಹಾಕಿದ್ದರು. ರೇರಿ ಅದನ್ನು ಕೆಲವೇ ಗಂಟೆಗಳಲ್ಲಿ ಒಲಿಸಿಕೊಂಡು ಸವಾರಿ ಮಾಡಿದುದು ಆ ಕಾಲದ ದೊಡ್ಡ ಸುದ್ದಿಯಾಯಿತು. ಮುಂಗಾಲೊಂದನ್ನು ಪಟ್ಟಿಯಿಂದ ಮಡಿಸಿ ಕಟ್ಟಿ, ಕುದುರೆಯನ್ನು ಮೆಲ್ಲನೆ ಮಲಗಿಸಿ, ಮೈದಡವಿ ಧೈರ್ಯ ಕೊಡುವುದು ಅವನ ಕ್ರಮ. ಇಂದಿನ ಕಣ್ಣಿಗೆ ಅದೂ ಕಠಿಣವೇ. ಆದರೆ ಚಬುಕಿನ ಯುಗದಲ್ಲಿ ಅದು ದಯೆಯ ಮಾರ್ಗವಾಗಿತ್ತು. 1866ರಲ್ಲಿ ರೇರಿ ಅಕಾಲದಲ್ಲಿ ತೀರಿಕೊಂಡ. ಕ್ರೂಸರ್ ಅವನಿಗಿಂತ ಹೆಚ್ಚು ಕಾಲ ಬದುಕಿತು.

ಇಪ್ಪತ್ತನೆಯ ಶತಮಾನದಲ್ಲಿ ಟಾಮ್ ಡೊರನ್ಸ್ (1910–2003) ಮತ್ತು ಅವನ ಶಿಷ್ಯ ರೇ ಹಂಟ್ (1929–2009) ಈ ದಾರಿಯನ್ನು ಇನ್ನಷ್ಟು ಹಸನುಗೊಳಿಸಿದರು. ಕುದುರೆ ತಪ್ಪಿದರೆ ತಪ್ಪು ಕೇಳಿದವನದು, ಕೇಳಿದ ರೀತಿಯದು ಎಂಬುದು ಇವರ ಬೋಧನೆಯ ತಿರುಳು. ಹಂಟ್ ಊರೂರು ಸುತ್ತಿ ನೂರಾರು ಮಂದಿಗೆ ಪಾಠ ಹೇಳಿದ. ಇಂದು ಪಂದ್ಯದ ಅಂಗಳದಲ್ಲಿ ಕಾಣುವ ವಿದ್ಯೆಗೆ ಇವರ ಋಣ ಬಹಳವಿದೆ.

ಗೆದ್ದ ಮಹಿಳೆಯರು

ದೇಹಬಲವೇ ಮುಖ್ಯವಾಗಿದ್ದರೆ ಈ ಕ್ಷೇತ್ರ ಗಂಡಸರದೇ ಆಗಿ ಉಳಿಯುತ್ತಿತ್ತು. 2006ರಲ್ಲಿ ಸ್ಟೇಸಿ ವೆಸ್ಟ್‌ಫಾಲ್ ಈ ಪಂದ್ಯವನ್ನು ಗೆದ್ದ ಮೊದಲ ಮಹಿಳೆಯೆನಿಸಿದಳು. ಅದೇ ವರ್ಷ ಬೇರೊಂದು ಪ್ರಸಿದ್ಧ ಸ್ಪರ್ಧೆಯಲ್ಲಿ ಆಕೆ ತನ್ನ ಕಪ್ಪು ಕುದುರೆಯ ಮೇಲೆ ಜೀನಿಲ್ಲದೆ, ಕಡಿವಾಣವಿಲ್ಲದೆ ಕುಳಿತು, ದೌಡು, ಹಠಾತ್ತನೆ ನಿಲ್ಲುವುದು, ಬುಗುರಿಯಂತೆ ಸುತ್ತುವುದು ಇವನ್ನೆಲ್ಲ ನಿರಾಯಾಸವಾಗಿ ಮಾಡಿಸಿದಳು. ಆಗ ತಾನೆ ತೀರಿಕೊಂಡಿದ್ದ ತಂದೆಯ ನೆನಪಿಗೆ ಅರ್ಪಿಸಿದ ಆ ಸವಾರಿ ಗೆದ್ದಿತು. ಕಂಡವರ ಕಣ್ಣನ್ನೂ ತೇವಗೊಳಿಸಿತು. ಹತ್ತು ವರ್ಷ ಕಳೆದ ಮೇಲೆ ನ್ಯೂಜಿಲೆಂಡಿನ ವಿಕಿ ವಿಲ್ಸನ್ 2017 ಮತ್ತು 2018ರಲ್ಲಿ ಎರಡು ಸಲ ಬೆನ್ನುಬೆನ್ನಿಗೆ ಗೆದ್ದಳು. ತನ್ನ ನಾಡಿನ ಕೈಮಾನಾವಾ ಎಂಬ ಕಾಡುಕುದುರೆಗಳು ಕಸಾಯಿಖಾನೆಯ ಪಾಲಾಗದಂತೆ, ತಂಗಿಯರೊಡಗೂಡಿ ಅವನ್ನು ಪಳಗಿಸಿ ಮನೆ ಸೇರಿಸುತ್ತಿದ್ದವಳು ಈಕೆ.

ಗಡಿಯಾರಕ್ಕೆ ಕುದುರೆಯ ಭಾಷೆ ಬಂದೀತೆ?

ಆದರೆ ಪಂದ್ಯವನ್ನು ಎಲ್ಲರೂ ಹೊಗಳುವುದಿಲ್ಲ. ವಿರೋಧಿಗಳ ಪ್ರಶ್ನೆಗಳು ತಳ್ಳಿಹಾಕುವಂಥವಲ್ಲ. ಸಾಮಾನ್ಯವಾಗಿ ವಾರಗಟ್ಟಲೆ ನಡೆಯುವ ಕೆಲಸವನ್ನು ಮೂರು ದಿನಗಳಿಗೆ ಇಳಿಸಿದರೆ ಸೋಲುವವರು ಯಾರು? ಓಡುವುದಕ್ಕೆ ದಾರಿಯಿಲ್ಲದ ಅಂಗಳದಲ್ಲಿ, ಮೇಲಿಂದ ಮೇಲೆ ಬಂದೆರಗುವ ಹೊಸ ಹೊಸ ಭಯಗಳಿಂದ ದಣಿದು ನಿಂತ ಕುದುರೆಯನ್ನು ‘ಒಪ್ಪಿತು’ ಎನ್ನಬೇಕೋ, ‘ಕೈಚೆಲ್ಲಿತು’ ಎನ್ನಬೇಕೋ? ಹೊರನೋಟಕ್ಕೆ ಎರಡೂ ಒಂದೇ. ನಂಬಿದ ಕುದುರೆಯ ಕಿವಿ ಆಡುತ್ತಿರುತ್ತದೆ, ಕಣ್ಣು ಮೃದುವಾಗಿರುತ್ತದೆ, ಉಸಿರು ಆಳವಾಗಿರುತ್ತದೆ. ಕೈಚೆಲ್ಲಿದ ಕುದುರೆ ಕಲ್ಲಿನಂತೆ ನಿಂತಿರುತ್ತದೆ. ದೂರದ ಪ್ರೇಕ್ಷಕನಿಗೆ ಆ ನಿಶ್ಚಲತೆಯೇ ವಿಧೇಯತೆಯಾಗಿ ಕಾಣುವ ಅಪಾಯವಿದೆ.

ವಯಸ್ಸಿನ ಪ್ರಶ್ನೆಯೂ ಇದೆ. ಕುದುರೆಯ ಬೆನ್ನೆಲುಬಿನ ಬೆಳವಣಿಗೆ ಪೂರ್ಣವಾಗಬೇಕಾದರೆ ಐದಾರು ವರ್ಷ ಬೇಕು. ಮೂರು ವರ್ಷಕ್ಕೇ ಭಾರ ಹೊರಿಸುವುದು ಸರಿಯೆ? ಪಂದ್ಯದ ಪರ ವಹಿಸುವವರು ಓಟದ ಕುದುರೆಗಳತ್ತ ಬೆರಳು ತೋರಿಸುತ್ತಾರೆ. ಅವುಗಳ ಬೆನ್ನಿಗೆ ಎರಡು ವರ್ಷ ತುಂಬುವ ಮೊದಲೇ ಸವಾರ ಬಂದಿರುತ್ತಾನೆ. ಒಂದು ತಪ್ಪು ಇನ್ನೊಂದಕ್ಕೆ ಸಮರ್ಥನೆಯಾಗಲಾರದು. ಆದರೂ ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಈ ಪಂದ್ಯದಲ್ಲಿ ತೀರ್ಪುಗಾರರು ಮೊದಲು ಮುಗಿಸಿದವನಿಗೆ ಬಹುಮಾನ ಕೊಡುವುದಿಲ್ಲ; ಕುದುರೆಯೊಡನೆ ಶಿಕ್ಷಕ ಬೆಳೆಸಿದ ಸಂಬಂಧವನ್ನು ತೂಗುತ್ತಾರೆ. ಬಾಗಿಲು ಮುಚ್ಚಿದ ಲಾಯದಲ್ಲಿ ಏಟು ತಿನ್ನುವ ಕುದುರೆಗೆ ಸಾಕ್ಷಿಯಿಲ್ಲ. ಇಲ್ಲಿಯದಕ್ಕೆ ಸಾವಿರಾರು ಸಾಕ್ಷಿಗಳು.

ನೂರು ದಿನ, ನೂರು ಕುದುರೆ

ಅವಸರದ ಆಕ್ಷೇಪಣೆಗೆ ಉತ್ತರವೋ ಎಂಬಂತೆ ಮತ್ತೊಂದು ಬಗೆಯ ಪಂದ್ಯವೂ ಅಮೆರಿಕದಲ್ಲಿ ಬೆಳೆದಿದೆ. ಅಲ್ಲಿಯ ಪಶ್ಚಿಮ ಬಯಲುಗಳಲ್ಲಿ ‘ಮಸ್ಟಾಂಗ್’ ಎಂಬ ಕಾಡುಕುದುರೆಗಳಿವೆ. ಇವುಗಳನ್ನು ಹಿಡಿದು ಕೊಲ್ಲುತ್ತಿದ್ದ ಕ್ರೌರ್ಯದ ವಿರುದ್ಧ ವೆಲ್ಮಾ ಜಾನ್‌ಸ್ಟನ್ ಎಂಬಾಕೆ ವರ್ಷಗಟ್ಟಲೆ ಹೋರಾಡಿದುದರ ಫಲವಾಗಿ 1971ರಲ್ಲಿ ರಕ್ಷಣೆಯ ಶಾಸನ ಬಂದಿತು. ರಕ್ಷಣೆಯಿಂದ ಸಂಖ್ಯೆ ಬೆಳೆಯಿತು. ಮೇವು ನೀರುಗಳು ಬೆಳೆಯಲಿಲ್ಲ. 2024ರ ಹೊತ್ತಿಗೆ ಬಯಲಿನಲ್ಲಿದ್ದ ಕಾಡುಕುದುರೆ ಮತ್ತು ಕತ್ತೆಗಳು 70 ಸಾವಿರಕ್ಕೂ ಮಿಕ್ಕಿದ್ದವು. ಸರ್ಕಾರ ಹಿಡಿದು ಸಾಕುತ್ತಿದ್ದವು 60 ಸಾವಿರಕ್ಕೂ ಹೆಚ್ಚು. ಸಾಕಿಕೊಳ್ಳಲು ಜನ ಮುಂದೆ ಬಾರದಿದ್ದರೆ ಅವು ಜೀವಮಾನವೆಲ್ಲ ದೊಡ್ಡಿಯಲ್ಲಿಯೇ ಕೊಳೆಯಬೇಕು.

ಅದಕ್ಕಾಗಿ 2007ರಲ್ಲಿ ಫೋರ್ಟ್ ವರ್ತ್ ನಗರದಲ್ಲಿ ಹೊಸ ಪ್ರಯೋಗವೊಂದು ನಡೆಯಿತು. ನೂರು ಮಂದಿ ಶಿಕ್ಷಕರಿಗೆ ನೂರು ಕಾಡುಕುದುರೆಗಳು. ಪಳಗಿಸಲು ಸುಮಾರು ನೂರು ದಿನಗಳ ಗಡುವು. ಗಡುವು ಮುಗಿದ ಮೇಲೆ ಪಂದ್ಯ. ಪಂದ್ಯದ ಬಳಿಕ ಹರಾಜು. ಇಲ್ಲಿ ಗೆಲುವಿಗಿಂತ ದೊಡ್ಡದು ಕುದುರೆಗೆ ಮನೆಯೊಂದು ಸಿಕ್ಕುವುದು. ಮನುಷ್ಯನ ವಾಸನೆಗೇ ನಡುಗುತ್ತಿದ್ದ ಪ್ರಾಣಿ ನೂರು ದಿನಗಳಲ್ಲಿ ಮಕ್ಕಳನ್ನು ಹೊರುವಷ್ಟು ಸೌಮ್ಯವಾಗುವುದುಂಟು. ಹಾಗೆ ಪಳಗಿಸಿದವರು ಹರಾಜಿನ ಹೊತ್ತಿಗೆ ಅದನ್ನು ಬಿಟ್ಟುಕೊಡಲಾರದೆ, ಹೆಣ್ಣುಮಗಳನ್ನು ಗಂಡನ ಮನೆಗೆ ಕಳುಹಿಸುವ ತಾಯಿಯಂತೆ ಕಣ್ಣೊರೆಸಿಕೊಳ್ಳುವುದೂ ಉಂಟು. ಕೆಲವರು ತಾವೇ ಕೂಗಿ ಕೊಂಡುಕೊಂಡುಬಿಡುತ್ತಾರೆ.

ಮೂರು ದಿನವಿರಲಿ, ನೂರು ದಿನವಿರಲಿ, ಅಳತೆಗೋಲು ಒಂದೇ. ಐನೂರು ಕಿಲೋ ತೂಗುವ ಕುದುರೆಯನ್ನು ಎಪ್ಪತ್ತು ಕಿಲೋ ತೂಗುವ ಮನುಷ್ಯ ಬಲದಿಂದ ಗೆಲ್ಲಲಾರ. ಗೆದ್ದೆನೆಂದುಕೊಂಡರೆ ಆ ಗೆಲುವು ಹಗ್ಗ ಹರಿಯುವವರೆಗೆ ಮಾತ್ರ. ಅಂಗಳದ ಬಾಗಿಲು ತೆರೆದು, ಹಗ್ಗ ಬಿಚ್ಚಿದ ಮೇಲೂ ಕುದುರೆ ಓಡಿಹೋಗದೆ ಒಂದು ಹೆಜ್ಜೆ ಅವನತ್ತ ಇಟ್ಟರೆ, ಅದೇ ನಿಜವಾದ ತೀರ್ಪು. ಅದನ್ನು ಕೊಡಬಲ್ಲ ತೀರ್ಪುಗಾರ ಕುದುರೆಯೊಂದೇ.