ವೀಣೆಯ ಗುಣಪರೀಕ್ಷೆ

ವೀಣೆ ಎಂಬ ಶಬ್ದವನ್ನು ಕಾವ್ಯಪಾಠದಲ್ಲಿ ಉಚ್ಚರಿಸದ ಕನ್ನಡ ಪಂಡಿತನಿಲ್ಲ. ಆದರೆ ಒಳ್ಳೆಯ ವೀಣೆ ಎಂದರೆ ಯಾವುದೆಂದು ಕೇಳಿದರೆ ಕಾರಣಸಹಿತವಾಗಿ ಉತ್ತರ ಹೇಳಬಲ್ಲವರು ನಮ್ಮಲ್ಲಿ ವಿರಳ. ಬೆಂಗಳೂರಿನ ಪಶ್ಚಿಮಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮೊದಲಾದ ಬಡಾವಣೆಗಳಲ್ಲಿ ಈಗ ಗಿಟಾರು ಕಲಿಯುವ ಹುಡುಗರು ಹೇರಳವಾಗಿದ್ದಾರೆ. ಅವರಲ್ಲಿ ಒಬ್ಬನನ್ನು ಕೇಳಿದರೆ ತನ್ನ ವಾದ್ಯದ ಮೇಲ್ಹಲಗೆ ಯಾವ ಮರದ್ದು, ತಂತಿಯು ಮೆಟ್ಟಿನಿಂದ ಎಷ್ಟು ಎತ್ತರದಲ್ಲಿರಬೇಕು, ನಾದವು ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಥಟ್ಟನೆ ಹೇಳುವನು. ವೀಣೆಯನ್ನು ಕೊಳ್ಳಹೋಗುವ ನಮ್ಮ ಗೃಹಸ್ಥರಾದರೋ ಯಾಳಿಯ ಮುಖದ ಕೆತ್ತನೆಯನ್ನೂ ಅಂಚಿನ ಚಿತ್ರಪಟ್ಟಿಯನ್ನೂ ನೋಡಿ, ‘ಇದು ಏಕಾಂಡವೋ?’ ಎಂದು ಒಂದು ಪ್ರಶ್ನೆ ಹಾಕಿ, ಪರೀಕ್ಷೆ ಮುಗಿಯಿತೆಂದು ಭಾವಿಸುತ್ತಾರೆ. ಈ ಅಜ್ಞಾನದ ಫಲವು ಸಂಗೀತಕ್ಕೆ ಮಾತ್ರ ತಟ್ಟಿಲ್ಲ, ನಮ್ಮ ಸಾಹಿತ್ಯಪಾಠಕ್ಕೂ ತಟ್ಟಿದೆ. ಬಸವಣ್ಣನವರ ಒಂದು ಸುಪ್ರಸಿದ್ಧ ವಚನದ ಅರ್ಥವು ಇದರಿಂದ ಮಸುಕಾಗಿರುವುದನ್ನು ಮುಂದೆ ತೋರಿಸುತ್ತೇನೆ.

ವೀಣೆಯ ಗುಣವು ಅದರ ಒಡಲಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅದರ ಸ್ಪರ್ಶಸ್ಥಾನಗಳಲ್ಲಿ ಇರುತ್ತದೆಂಬುದು ನನ್ನ ಪಕ್ಷ. ತಂತಿಯು ಕುದುರೆಯನ್ನು ಮುಟ್ಟುವ ಎಡೆ, ತಂತಿಯು ಮೆಟ್ಟನ್ನು ಮುಟ್ಟುವ ಎಡೆ, ವಾದ್ಯವು ವಾದಕನ ಮೈಯನ್ನು ಮುಟ್ಟುವ ಎಡೆ, ಈ ಮೂರನ್ನು ತಿಳಿದವನು ವೀಣೆಯನ್ನು ತಿಳಿದಂತೆ.

ಅಂಗಗಳನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಬಲಗಡೆ ಟೊಳ್ಳಾಗಿ ಕೊರೆದ ಕೊಡ, ಅದರ ಬಾಯನ್ನು ಮುಚ್ಚಿದ ತೆಳುವಾದ ಮೇಲ್ಹಲಗೆ, ಕೊಡದಿಂದ ಎಡಕ್ಕೆ ಚಾಚಿದ ದಂಡಿ, ದಂಡಿಯ ತುದಿಯಲ್ಲಿ ಯಾಳಿಯ ಮುಖ, ಅದರ ಕೆಳಗೆ ತಿರುಪಿನಿಂದ ಸಿಕ್ಕಿಸಿದ ಸಣ್ಣ ಸೋರೆ. ಮೇಲ್ಹಲಗೆಯ ಮೇಲೆ ಕುದುರೆ, ದಂಡಿಯ ಮೇಲೆ ೨೪ ಮೆಟ್ಟುಗಳು. ತಂತಿಗಳು ಏಳು, ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಎಂಬ ನಾಲ್ಕು ನುಡಿಸುವುದಕ್ಕೆ, ಪಕ್ಕದ ಮೂರು ತಾಳಕ್ಕೂ ಶ್ರುತಿಗೂ. ತಂತಿಗಳ ಒಂದು ಕೊನೆ ನಾಗಪಾಶದಲ್ಲಿ, ಇನ್ನೊಂದು ಕೊನೆ ಬಿರಡೆಯಲ್ಲಿ.

ಮರದ ವಿಷಯವನ್ನು ಮೊದಲು ಮುಗಿಸೋಣ, ಏಕೆಂದರೆ ಜನರ ಭ್ರಾಂತಿಯು ಅಲ್ಲಿಯೇ ಹೆಚ್ಚು. ತಂಜಾವೂರಿನಲ್ಲಿ ಹಲಸು ಪ್ರಸಿದ್ಧ. ಮೈಸೂರು ಕಡೆಯಲ್ಲಿ ಹಲಸಿನೊಡನೆ ಬೀಟೆಯೂ ಬಳಕೆಯಲ್ಲಿ ಬಂದಿದೆ. ಕೊಡ, ದಂಡಿ, ತಲೆ ಮೂರನ್ನೂ ಒಂದೇ ದಿಮ್ಮಿಯಿಂದ ಕೊರೆದದ್ದು ಏಕಾಂಡ. ಇದಕ್ಕೆ ಬೆಲೆಯೂ ಮರ್ಯಾದೆಯೂ ಅಧಿಕ. ಬೆಸುಗೆಯಿಲ್ಲದ ಒಡಲಿನಲ್ಲಿ ಕಂಪನವು ತಡೆಯಿಲ್ಲದೆ ಹರಿಯುವುದೆಂಬುದು ಅದರ ಪಕ್ಷಪಾತಿಗಳ ವಾದ. ಆದರೆ ಚೆನ್ನಾಗಿ ಒಣಗದ ದಿಮ್ಮಿಯ ಏಕಾಂಡವು ಮೂರು ವರ್ಷಕ್ಕೆ ಬಿರಿಯುವುದನ್ನೂ, ಹದವಾಗಿ ಒಣಗಿದ ಮರದ ಮೂರು ಭಾಗಗಳನ್ನು ಕೂಡಿಸಿದ ವೀಣೆಯು ಎರಡು ತಲೆಮಾರು ಬಾಳುವುದನ್ನೂ ವೈಣಿಕರ ಮನೆಗಳಲ್ಲಿ ನೋಡಬಹುದು. ನಾದಕ್ಕೆ ಮುಖ್ಯವಾದದ್ದು ಮೇಲ್ಹಲಗೆ. ಕುದುರೆಯು ನಿಂತಿರುವುದು ಅದರ ಮೇಲೆ, ತಂತಿಯ ಕಂಪನವನ್ನು ಮೊದಲು ಸ್ವೀಕರಿಸುವುದು ಅದು. ಇದಕ್ಕೆ ಪರದೇಶದ ಒಂದು ದೃಷ್ಟಾಂತವುಂಟು. ಈಗಿನ ಗಿಟಾರಿಗೆ ರೂಪವನ್ನು ನಿಲ್ಲಿಸಿದ ಸ್ಪೇನಿನ ಆಂತೋನಿಯೋ ದೆ ತೋರ್ರೆಸ್ (೧೮೧೭–೧೮೯೨) ಎಂಬ ಶಿಲ್ಪಿಯು ೧೮೬೨ರಲ್ಲಿ ಬೆನ್ನನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆಯನ್ನು ಮಾತ್ರ ಒಳ್ಳೆಯ ಮರದಿಂದ ಮಾಡಿ, ಗಿಟಾರಿನ ನಾದವು ಎಲ್ಲಿಂದ ಬರುತ್ತದೆಂಬುದನ್ನು ಲೋಕಕ್ಕೆ ತೋರಿಸಿದನು. ವೀಣೆಯಲ್ಲಿ ಕೊಡದ ಪಾತ್ರವು ಅಷ್ಟು ಅಲ್ಪವಲ್ಲವಾದರೂ, ನ್ಯಾಯವು ಅದೇ. ಅಂಚಿನ ದಂತದ ಪಟ್ಟಿಯು ವನ್ಯಜೀವಿಗಳನ್ನು ಕಾಪಾಡುವ ಕಾನೂನುಗಳಿಂದ ನಿಂತುಹೋಗಿ ಈಗ ಪ್ಲಾಸ್ಟಿಕ್ಕು ಬಂದಿದೆ. ಅದಕ್ಕಾಗಿ ಯಾರೂ ಮರುಗಬೇಕಾದದ್ದಿಲ್ಲ; ದಂತದಿಂದ ನಾದವು ಎಂದೂ ಹೆಚ್ಚಿರಲಿಲ್ಲ.

ಇನ್ನು ಕುದುರೆಯ ವಿಚಾರ. ಗಿಟಾರಿನಲ್ಲಿ ತಂತಿಯು ಎಲುಬಿನ ಕಿರಿದಾದ ಅಂಚಿನ ಮೇಲೆ ಕುಳಿತಿರುತ್ತದೆ. ಕಂಪಿಸುವ ಭಾಗವು ಅಲ್ಲಿಗೆ ಕತ್ತರಿಸಿದಂತೆ ಮುಗಿಯುತ್ತದೆ. ವೀಣೆಯ ಕುದುರೆಯಾದರೋ ಮರದ ಪೀಠದ ಮೇಲೆ ಕೂರಿಸಿದ ಅಗಲವಾದ ಲೋಹದ ತಗಡು. ಆ ತಗಡು ಸಮತಲವಲ್ಲ. ಕಣ್ಣಿಗೆ ಕಂಡೂ ಕಾಣದಷ್ಟು ಬಾಗಿರುತ್ತದೆ. ತಂತಿಯು ಕಂಪಿಸುವಾಗ ಈ ಬಾಗಿನ ಮೇಲೆ ಕ್ಷಣಕ್ಷಣಕ್ಕೂ ಸುತ್ತಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಇರುವುದರಿಂದ, ಅದರ ಅಂತ್ಯಸ್ಥಾನವು ಒಂದೇ ಬಿಂದುವಿನಲ್ಲಿ ನಿಲ್ಲುವುದಿಲ್ಲ. ಶಾಸ್ತ್ರಕಾರರು ಅನುರಣನವೆಂದು ಕರೆದ ಗುಣಕ್ಕೆ, ಮೀಟಿದ ಮೇಲೂ ಸ್ವರವು ಅರಳುತ್ತ ಹೋಗುವ ಆ ಸ್ನಿಗ್ಧತೆಗೆ, ಬಹುಮಟ್ಟಿಗೆ ಇದೇ ಕಾರಣ.

ಇದು ಕೇವಲ ರಸಿಕರ ಮಾತಲ್ಲ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರತಕ್ಕ ಉಪಸ್ವರಗಳು ಹುಟ್ಟುವುದಿಲ್ಲವೆಂದು ಆಂಗ್ಲ ವಿಜ್ಞಾನಿ ಥಾಮಸ್ ಯಂಗನು ೧೮೦೦ರಲ್ಲಿ ಹೇಳಿದ ನಿಯಮವೊಂದಿದೆ. ಸರ್ ಚಂದ್ರಶೇಖರ ವೆಂಕಟರಾಮನ್ನರು ಕಲ್ಕತ್ತೆಯಲ್ಲಿದ್ದಾಗ ೧೯೨೧ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಲೇಖನದಲ್ಲಿ, ವೀಣೆಯೂ ತಂಬೂರಿಯೂ ಈ ನಿಯಮಕ್ಕೆ ಒಳಪಡುವುದಿಲ್ಲವೆಂದು ತೋರಿಸಿದರು. ಹುಟ್ಟಬಾರದ ಉಪಸ್ವರಗಳು ಇಲ್ಲಿ ಸ್ಪಷ್ಟವಾಗಿ ಕೇಳಿಬರುತ್ತವೆ. ಅದಕ್ಕೆ ಹೇತುವು ಕುದುರೆಯ ಬಾಗು. ತಂಬೂರಿಯಲ್ಲಿ ಜೀವಾಳದ ನೂಲು ಮಾಡುವ ಕೆಲಸವನ್ನು ವೀಣೆಯಲ್ಲಿ ನೂಲಿಲ್ಲದೆ ತಗಡಿನ ಬಾಗೇ ಮಾಡುತ್ತದೆ. ಅದೇ ರಾಮನ್ನರು ೧೯೩೩ರಲ್ಲಿ ಬೆಂಗಳೂರಿಗೆ ಬಂದು, ಯಶವಂತಪುರದ ಬದಿಯಲ್ಲಿರುವ ವಿಜ್ಞಾನಮಂದಿರದ ಮುಖ್ಯಸ್ಥರಾದರೆಂಬುದು ನಮ್ಮ ಊರಿನವರಿಗೆ ವಿದಿತವೇ ಇದೆ.

ಆದಕಾರಣ ವೀಣೆಯನ್ನು ಪರೀಕ್ಷಿಸತಕ್ಕವನು ಮೊದಲು ಕುದುರೆಯನ್ನು ಪರೀಕ್ಷಿಸಬೇಕು. ಬಾಗು ಹದ ತಪ್ಪಿದರೆ ತಂತಿಯು ತಗಡಿಗೆ ಬಡಿದು ಝರಝರವೆನ್ನುವುದು, ಇಲ್ಲವೆ ನಾದವು ಕಟ್ಟಿಗೆಯನ್ನು ಕುಟ್ಟಿದಂತೆ ಮೊಂಡಾಗುವುದು. ಬಹಳ ಕಾಲ ನುಡಿಸಿದ ವೀಣೆಯಲ್ಲಿ ತಂತಿಯು ತಗಡಿನ ಮೇಲೆ ಗೆರೆ ಕೊರೆದಿರುತ್ತದೆ. ಆಗ ಮಾಲೀಕನು ತಂತಿಯನ್ನು ಬದಲಾಯಿಸಿ ಬದಲಾಯಿಸಿ ಬೇಸರಪಡುತ್ತಾನೆ; ಆಗಬೇಕಾದದ್ದು ತಗಡನ್ನು ಅರದಿಂದ ಉಜ್ಜಿ ಬಾಗನ್ನು ಮರಳಿ ತರುವ ಕೆಲಸ. ಬಲ್ಲ ಕೈಗೆ ಇದು ಸ್ವಲ್ಪ ಹೊತ್ತಿನ ಕೆಲಸ. ಅರಿಯದ ಕೈಗೆ ಕೊಟ್ಟರೆ ವೀಣೆಯ ಕಂಠವೇ ಕೆಡುತ್ತದೆ.

ಎರಡನೆಯ ಸ್ಪರ್ಶಸ್ಥಾನವು ಮೆಟ್ಟು, ಶಾಸ್ತ್ರದಲ್ಲಿ ಸಾರಿಕೆ. ಗಿಟಾರಿನ ಮೆಟ್ಟುಗಳನ್ನು ಯಂತ್ರದ ಅಳತೆಯಿಂದ ಹಲಗೆಯಲ್ಲಿ ನಾಟಿಬಿಡುತ್ತಾರೆ, ಸ್ವರಾಂತರಗಳೆಲ್ಲ ಸಮ, ಆಮೇಲೆ ಅದನ್ನು ಕದಲಿಸುವ ಮಾತಿಲ್ಲ. ವೀಣೆಯಲ್ಲಿ ದಂಡಿಯ ಎರಡು ಅಂಚುಗಳಲ್ಲಿ ಜೇನುಮೇಣಕ್ಕೆ ಮಸಿಯನ್ನೂ ರಾಳವನ್ನೂ ಕೂಡಿಸಿದ ಕಪ್ಪು ದಿಂಡನ್ನು ಕಟ್ಟಿ, ಅದರಲ್ಲಿ ಮೆಟ್ಟುಗಳನ್ನು ಕೂರಿಸುತ್ತಾರೆ. ಇದಕ್ಕೆ ಮೇಳ ಕಟ್ಟುವುದೆಂದು ಹೆಸರು. ಮೇಳ ಕಟ್ಟುವವನು ತಂತಿಯನ್ನು ಶ್ರುತಿಮಾಡಿ, ಒಂದೊಂದು ಮೆಟ್ಟನ್ನೂ ಮೆತ್ತಗಿರುವ ಮೇಣದಲ್ಲಿ ಎಳ್ಳುಕಾಳಿನಷ್ಟು ಹಿಂದೆ ಮುಂದೆ ಸರಿಸಿ, ಕಿವಿಯಿಂದ ಸ್ವರವನ್ನು ನಿರ್ಣಯಿಸುತ್ತಾನೆ. ವೀಣೆಯ ಶ್ರುತಿಶುದ್ಧಿಯು ಹೀಗೆ ಒಬ್ಬ ಮನುಷ್ಯನ ಕಿವಿಯ ಮೇಲೆ ನಿಂತಿದೆ. ಮರಗೆಲಸದವರಿಗಿಂತ ಮೇಳ ಕಟ್ಟುವವರು ದುರ್ಲಭರಾಗಿರುವುದು ಆಶ್ಚರ್ಯವಲ್ಲ.

ಈ ಪದ್ಧತಿಯು ಅರ್ವಾಚೀನವಲ್ಲ. ದೇವಗಿರಿಯ ಸಿಂಘಣ ಯಾದವನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ೧೩ನೆಯ ಶತಮಾನದ ಸಂಗೀತರತ್ನಾಕರದಲ್ಲಿ ಕಿನ್ನರಿಯ ಸಾರಿಕೆಗಳನ್ನು ಮೇಣಕ್ಕೆ ಮಸಿ ಬೆರೆಸಿದ ಪಾಕದಿಂದ ನಿಲ್ಲಿಸುವ ಕ್ರಮವನ್ನು ಹೇಳಿದ್ದಾನೆ. ವಿಜಯನಗರದಲ್ಲಿ ಅಳಿಯ ರಾಮರಾಯನ ಕಾಲದಲ್ಲಿ, ೧೫೫೦ರಲ್ಲಿ, ರಾಮಾಮಾತ್ಯನು ರಚಿಸಿದ ಸ್ವರಮೇಲಕಲಾನಿಧಿಯಲ್ಲಿ ಮೆಟ್ಟುಗಳ ಸ್ಥಾನವನ್ನು ಕುರಿತ ಚರ್ಚೆಯು ವಿಸ್ತಾರವಾಗಿದೆ. ಒಂದೊಂದು ರಾಗಕ್ಕೆ ತಕ್ಕಂತೆ ಮೆಟ್ಟನ್ನು ಸರಿಸಿಕೊಳ್ಳತಕ್ಕ ಏಕರಾಗಮೇಳ, ಎಲ್ಲ ರಾಗಗಳಿಗೂ ಸಲ್ಲತಕ್ಕ ಸರ್ವರಾಗಮೇಳ ಎಂಬ ಭೇದವು ಆ ಕಾಲದ್ದು. ಸ್ಥಾಯಿಗೆ ೧೨ರಂತೆ ಎರಡು ಸ್ಥಾಯಿಗೆ ೨೪ ಮೆಟ್ಟುಗಳು ನೆಲೆನಿಂತದ್ದು ತಂಜಾವೂರಿನ ರಘುನಾಥ ನಾಯಕನ (೧೬೦೦–೧೬೩೪) ಆಳ್ವಿಕೆಯಲ್ಲೆಂದು ಸಂಪ್ರದಾಯವಿದೆ.

ವಾದನಸೌಕರ್ಯವೂ ಈ ಮೇಳದಲ್ಲೇ ಅಡಗಿದೆ. ನಮ್ಮ ಗಮಕಗಳಿಗಾಗಿ ಒಂದೇ ಮೆಟ್ಟಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಮೂರು ನಾಲ್ಕು ಸ್ವರಸ್ಥಾನಗಳಷ್ಟು ಮೇಲಕ್ಕೆ ಏರಿಸಬೇಕಾಗುತ್ತದೆ. ಗಿಟಾರಿನಲ್ಲಿ ಇಷ್ಟು ದೂರದ ಎಳೆತವು ಸಹಜವಲ್ಲ. ಇದಕ್ಕಾಗಿ ಮೆಟ್ಟುಗಳು ದಂಡಿಯ ಮೇಲಿನಿಂದ ಸಾಕಷ್ಟು ಎತ್ತರದಲ್ಲಿರಬೇಕು, ಅವುಗಳ ಬೆನ್ನು ನುಣುಪಾಗಿರಬೇಕು, ಎತ್ತರದ ಇಳಿಜಾರು ಒಂದೇ ಸಮನಾಗಿರಬೇಕು. ಒಂದು ಮೆಟ್ಟು ಕೂದಲೆಳೆಯಷ್ಟು ತಗ್ಗಿದರೆ ಅದರಲ್ಲಿ ಒತ್ತಿದ ತಂತಿಯು ಮುಂದಿನ ಮೆಟ್ಟಿಗೆ ತಗಲಿ ಬುಸುಗುಟ್ಟುತ್ತದೆ. ತಂತಿಯು ಮೆಟ್ಟಿನಿಂದ ದೂರವಾದರೆ ಕಲಿಯುವ ಮಗುವಿನ ಬೆರಳು ಬಿರಿಯುತ್ತದೆ, ಒತ್ತುವ ಬಲಕ್ಕೇ ಸ್ವರವು ಏರಿ ಅಪಶ್ರುತಿಯಾಗುತ್ತದೆ. ‘ನಮ್ಮ ಹುಡುಗಿಗೆ ವೀಣೆ ಒಲಿಯಲಿಲ್ಲ’ ಎಂದು ಬಿಟ್ಟುಬಿಟ್ಟ ಮನೆಗಳಲ್ಲಿ ಅನೇಕ ಕಡೆ ಒಲಿಯದಿದ್ದದ್ದು ಮೇಳವೇ ಹೊರತು ವಿದ್ಯೆಯಲ್ಲವೆಂದು ಧಾರಾಳವಾಗಿ ಹೇಳಬಹುದು. ಮೈಸೂರು ಬಾನಿಯಲ್ಲಿ, ಎಂದರೆ ವೀಣೆ ಶೇಷಣ್ಣನವರಿಂದ (೧೮೫೨–೧೯೨೬) ಕೀರ್ತಿಗೆ ಬಂದು ವೆಂಕಟಗಿರಿಯಪ್ಪನವರ ಮೂಲಕ ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್ಯರವರೆಗೆ (೧೯೨೦–೧೯೯೭) ಬಂದ ಪರಂಪರೆಯಲ್ಲಿ, ತೋರುಬೆರಳು ನಡುಬೆರಳುಗಳನ್ನು ಬೇರ್ಪಡಿಸಿ ನುಡಿಸುವ ರೂಢಿಯುಂಟು. ಬಿಡಿಬಿಡಿಯಾಗಿ ಬೀಳುವ ಅಂತಹ ಬೆರಳಿಗೆ ಮೆಟ್ಟಿನ ಸಣ್ಣ ದೋಷವೂ ಬೇಗ ಗೋಚರವಾಗುತ್ತದೆ.

ಮೇಣವು ಬಿಸಿಲಿಗೆ ಮೆತ್ತಗಾಗುವ ವಸ್ತು. ಬೇಸಿಗೆಯಲ್ಲಿ ವೀಣೆಯನ್ನು ಮುಚ್ಚಿದ ಕಾರಿನೊಳಗೆ ಬಿಟ್ಟು ಕೆಂಗೇರಿಯಿಂದ ರಾಜಾಜಿನಗರಕ್ಕೆ ಬರುವಷ್ಟರಲ್ಲಿ ಮೆಟ್ಟುಗಳು ಸ್ಥಾನ ತಪ್ಪಿರಬಹುದು. ಕೊಳ್ಳುವವರು ಸಾರಣಿಯಲ್ಲಿ ಮೊದಲ ಮೆಟ್ಟಿನಿಂದ ಕೊನೆಯವರೆಗೆ ನಿಧಾನವಾಗಿ ಒತ್ತಿ ಮೀಟುತ್ತ ಹೋಗಲಿ; ೧೨ನೆಯ ಮೆಟ್ಟಿನಲ್ಲಿ ಮೇಲಿನ ಷಡ್ಜವು ಬಿಟ್ಟ ತಂತಿಯ ಷಡ್ಜಕ್ಕೆ ಕೂಡುತ್ತದೆಯೋ ನೋಡಲಿ; ಅದೇ ಮೆಟ್ಟನ್ನು ಮಂದ್ರದಲ್ಲೂ ಒತ್ತಿ ನೋಡಲಿ. ಯಾಳಿಯ ಮುಖವನ್ನು ಆಮೇಲೆ ನೋಡಿದರಾಯಿತು.

ಮೂರನೆಯದು ವಾದಕನ ಮೈ. ಈಗಿನ ವೀಣೆಯು ಅಡ್ಡಲಾಗಿ ಮಲಗಿರುತ್ತದೆ: ಕೊಡವು ಬಲಗಡೆ ನೆಲದ ಮೇಲೆ, ಸೋರೆಯು ಎಡದೊಡೆಯ ಮೇಲೆ. ಈ ಸೋರೆಯನ್ನು ಕಳಚಿಟ್ಟು ಮೀಟಿದರೂ ನಾದದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣದು. ರಟ್ಟಿನದೋ ಫೈಬರಿನದೋ ಆದರೂ ನಡೆಯುತ್ತದೆ. ಅದು ಈಗ ಒರಗು ಮಾತ್ರ. ಹಾಗಾದರೆ ಅದು ಅಲ್ಲಿಗೆ ಬಂದದ್ದೇಕೆ? ಹಿಂದೊಂದು ಕಾಲದಲ್ಲಿ ವಾದ್ಯದ ನಾದವೆಲ್ಲ ಅದರಿಂದಲೇ ಹೊರಡುತ್ತಿದ್ದಿತೆಂಬುದು ಅದಕ್ಕೆ ಉತ್ತರ. ವೀಣೆಯೆಂಬ ಹೆಸರು ಒಂದೇ ವಾದ್ಯದ್ದಲ್ಲ. ಸಮುದ್ರಗುಪ್ತನ ನಾಣ್ಯದ ಮೇಲಿನ ವೀಣೆಯು ಬಿಲ್ಲಿನಂತೆ ಬಾಗಿದ್ದು, ಮೆಟ್ಟಿಲ್ಲದ್ದು. ಅದು ಮರೆಯಾದ ಮೇಲೆ ಬಂದದ್ದು ದಂಡವೀಣೆ: ಒಂದು ಕೋಲು, ಅದರ ಮೇಲ್ತುದಿಯ ಬಳಿ ಒಂದು ಸೋರೆ, ಒಂದೋ ಎರಡೋ ತಂತಿ. ಹೊಯ್ಸಳ ಶಿಲ್ಪದಲ್ಲಿ ಕಾಣುವ ವೀಣೆಗಳು ಈ ಜಾತಿಯವು. ಮರದ ಕೊಡವುಳ್ಳ ಇಂದಿನ ವೀಣೆಯು ಅದಕ್ಕೆ ಶತಮಾನಗಳ ಈಚಿನದು.

ಈಗ ಬಸವಣ್ಣನವರ ವಚನಕ್ಕೆ ಬರೋಣ. ತನ್ನ ದೇಹವೇ ದಂಡಿಗೆಯಾಗಲಿ, ತಲೆಯು ಸೋರೆಯಾಗಲಿ, ನರಗಳು ತಂತಿಗಳಾಗಲಿ, ಬೆರಳು ಕಡ್ಡಿಯಾಗಲಿ ಎಂದು ಬೇಡಿ, ಆ ವಾದ್ಯವನ್ನು ಎದೆಗೆ ಒತ್ತಿ ಹಿಡಿದು ನುಡಿಸೆಂದು ದೇವನನ್ನು ಪ್ರಾರ್ಥಿಸುವ ವಚನವು ಎಲ್ಲ ತರಗತಿಗಳಲ್ಲೂ ಪಾಠವಾಗುತ್ತದೆ. ಪಾಠ ಹೇಳುವಾಗ ಉಪಾಧ್ಯಾಯರು ಸರಸ್ವತಿಯ ಪಟದಲ್ಲಿರುವ ವೀಣೆಯನ್ನು ತೋರಿಸುತ್ತಾರೆ. ಆ ವೀಣೆಗೆ ಈ ವಚನವು ಹೊಂದುವುದಿಲ್ಲ. ದಂಡಿಗೆ ಎಂಬ ಪದವೇ ಕೋಲಿನ ವಾದ್ಯವನ್ನು ಸೂಚಿಸುತ್ತದೆ. ಇಂದಿನ ವೀಣೆಯ ಮುಖ್ಯಾಂಗವಾದ ಕೊಡವು ರೂಪಕದಲ್ಲಿ ಇಲ್ಲವೇ ಇಲ್ಲ. ತಲೆಗೆ ಸೋರೆಯನ್ನು ಹೋಲಿಸಿರುವುದು ಉರುಟುತನದಿಂದ ಮಾತ್ರವಲ್ಲ, ದಂಡವೀಣೆಯಲ್ಲಿ ಸೋರೆಯು ಮೇಲ್ತುದಿಯ ಬಳಿ ಇರುವುದರಿಂದ ಕೂಡ. ಎದೆಗೆ ಒತ್ತುವ ಮಾತು ಭಕ್ತಿಯ ಅತಿಶಯೋಕ್ತಿಯೆಂದು ವ್ಯಾಖ್ಯಾನಿಸುವುದಂತೂ ತೀರ ಸಲ್ಲದು. ಶಾರ್ಙ್ಗದೇವನು ಆಲಾಪಿನೀ ವೀಣೆಯ ತುಂಬವನ್ನು ಎದೆಗೆ ಆನಿಸಿ ನುಡಿಸಬೇಕೆಂದೇ ವಿಧಿಸಿದ್ದಾನೆ. ಕಾಂಬೋಜದೇಶದಲ್ಲಿ ‘ಕ್ಸೆ ದಿಯೆವ್’ ಎಂಬ ಒಂಟಿತಂತಿಯ ವಾದ್ಯವನ್ನು ಇಂದಿಗೂ ಹೀಗೆಯೇ ನುಡಿಸುತ್ತಾರೆ: ಅರ್ಧ ಸೋರೆಯ ತೆರೆದ ಬಾಯಿ ಎದೆಯ ಮೇಲೆ, ಒತ್ತಿದರೆ ನಾದ ಮುಚ್ಚುತ್ತದೆ, ಸಡಿಲಿಸಿದರೆ ತೆರೆಯುತ್ತದೆ. ಅಲ್ಲಿ ನುಡಿಸುವವನ ಎದೆಯು ವಾದ್ಯದ ಅರ್ಧಾಂಗ. ವಚನದಲ್ಲಿ ಭಕ್ತನು ವಾದ್ಯ, ದೇವನು ವಾದಕ. ದೇವನ ಎದೆ ತಾಗದೆ ಈ ವಾದ್ಯಕ್ಕೆ ನಾದವೇ ಪೂರ್ಣವಾಗದು. ಮಡಿಲಲ್ಲಿ ಮಲಗಿಸುವ ವೀಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಈ ಅರ್ಥವೆಲ್ಲ ಜಾರಿಹೋಗುತ್ತದೆ.

ಉಳಿದದ್ದು ಕಡ್ಡಿ. ಮೀಟುವ ಕಡ್ಡಿಯೆಂದು ಅರ್ಥಮಾಡಿದರೆ ತಪ್ಪಿಲ್ಲ. ಆದರೆ ಏಕತಂತ್ರಿಯಲ್ಲಿ ಎಡಗೈಯಿಂದ ತಂತಿಯ ಮೇಲೆ ಜಾರಿಸಿ ಸ್ವರವನ್ನು ಹುಟ್ಟಿಸುವ ಬಿದಿರಿನ ತುಂಡೊಂದುಂಟು. ಶಾಸ್ತ್ರದಲ್ಲಿ ಅದಕ್ಕೆ ಕಮ್ರಿಕಾ ಎಂದು ಹೆಸರು. ಇಂದಿನ ಗೋಟುವಾದ್ಯದಲ್ಲಿ ಜಾರಿಸುವ ಗೋಟು ಅದರ ಬಂಧುವೇ. ಮೆಟ್ಟಿಲ್ಲದ ದಂಡಿಗೆಯಲ್ಲಿ ಅನೇಕ ರಾಗಗಳನ್ನು ಹಾಡಿಸಬೇಕಾದರೆ ಈ ತುಂಡಿಲ್ಲದೆ ಸಾಗದು. ಆದ್ದರಿಂದ ವಚನದ ಕಡ್ಡಿಯನ್ನು ಕಮ್ರಿಕೆಯೆಂದು ತೆಗೆದುಕೊಳ್ಳುವುದೇ ಹೆಚ್ಚು ಸಮಂಜಸವೆಂದು ನನಗೆ ತೋರುತ್ತದೆ.