ಐದು ಸಲ ಎತ್ತುವ ಭಾರ

ಅರವತ್ತು ದಾಟಿದ ಹೆಂಗಸು ಜಿಮ್‌ಗೆ ಹೋದರೆ ಅವಳ ಕೈಗೆ ಸಾಮಾನ್ಯವಾಗಿ ಸಿಗುವುದು ಒಂದು ಕಿಲೋದ ಡಂಬೆಲ್ ಅಥವಾ ರಬ್ಬರ್ ಪಟ್ಟಿ. ಭಾರ ಎತ್ತಬೇಡಿ, ಮೂಳೆ ಮುರಿದೀತು ಎಂಬ ಎಚ್ಚರಿಕೆಯೂ ಜೊತೆಗೆ ಬರುತ್ತದೆ. ಆ ಮಾತಿನಲ್ಲಿ ಅಕ್ಕರೆ ಇದೆ, ಆದರೆ ಪೂರ್ತಿ ನಿಜವಿಲ್ಲ.

ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಗ್ರಿಫಿತ್ ವಿಶ್ವವಿದ್ಯಾಲಯದ ಬೆಲಿಂಡಾ ಬೆಕ್ ಮತ್ತು ಸಂಗಡಿಗರು ಈ ಎಚ್ಚರಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ಲಿಫ್ಟ್‌ಮೋರ್ ಎಂಬ ಆ ಅಧ್ಯಯನದ ಫಲಿತಾಂಶ 2018ರಲ್ಲಿ ಅಚ್ಚಾಯಿತು. ಅದರಲ್ಲಿದ್ದವರು ಮುಟ್ಟು ನಿಂತ, ಮೂಳೆಯ ಸಾಂದ್ರತೆ ತಗ್ಗಿದ್ದ 101 ಹೆಂಗಸರು. ಸರಾಸರಿ ವಯಸ್ಸು 65. ಒಂದು ಗುಂಪು ಮನೆಯಲ್ಲೇ ಹಗುರ ತೂಕ ಹಿಡಿದು ಹತ್ತು ಹದಿನೈದು ಸಲ ಎತ್ತಿ ಇಳಿಸಿತು. ಇನ್ನೊಂದು ಗುಂಪು ವಾರಕ್ಕೆ ಎರಡು ದಿನ, ಅರ್ಧ ಗಂಟೆ, ತರಬೇತುದಾರರ ಕಣ್ಣೆದುರು ನಿಜವಾದ ಭಾರವನ್ನೇ ಎತ್ತಿತು: ಬಾರ್ಬೆಲ್ಲನ್ನು ನೆಲದಿಂದ ಎತ್ತುವುದು, ಹೆಗಲ ಮೇಲಿಟ್ಟು ಬಸ್ಕಿ ಹೊಡೆಯುವುದು, ತಲೆಯ ಮೇಲಕ್ಕೆ ಒತ್ತುವುದು, ಕಂಬಿ ಹಿಡಿದು ನೆಗೆದು ಧಪ್ಪನೆ ಇಳಿಯುವುದು. ಮೊದಲ ತಿಂಗಳು ಬರೀ ಕಲಿಕೆ, ಹಗುರ ತೂಕ. ಆಮೇಲೆ, ತಾನು ಒಂದೇ ಒಂದು ಸಲ ಎತ್ತಬಲ್ಲ ತೂಕದ ಶೇ. 85ಕ್ಕೂ ಮಿಕ್ಕಿದ್ದನ್ನು ಐದು ಸಲದಂತೆ ಐದು ಸುತ್ತು.

ಎಂಟು ತಿಂಗಳ ನಂತರ ಭಾರ ಎತ್ತಿದವರ ಸೊಂಟದ ಬೆನ್ನೆಲುಬಿನ ಸಾಂದ್ರತೆ ಸರಾಸರಿ ಶೇ. 2.9 ಹೆಚ್ಚಿತ್ತು. ಹಗುರದವರದು ಶೇ. 1.2 ಇಳಿದಿತ್ತು. ಭಾರದ ಗುಂಪಿನಲ್ಲಿ ಆದ ತೊಂದರೆ ಒಂದೇ: ಒಬ್ಬರಿಗೆ ಸ್ವಲ್ಪ ಸೊಂಟ ಹಿಡಿದುಕೊಂಡು ಎರಡು ತರಗತಿ ತಪ್ಪಿತು.

ಮೈಗೆ ಇವೆರಡೂ ಬೇರೆಬೇರೆಯಾಗಿ ತಿಳಿಯುತ್ತವೆ. ಹಗುರ ತೂಕವನ್ನು ಕೈ ಸೋಲುವವರೆಗೆ ಎತ್ತುತ್ತಾ ಹೋದರೆ ಸ್ನಾಯು ಉರಿಯುತ್ತದೆ, ಉಸಿರು ಏರುತ್ತದೆ, ಇನ್ನೆಷ್ಟಿದೆ ಎಂದು ಮನಸ್ಸು ಎಣಿಸುತ್ತದೆ. ಸ್ನಾಯುವಿನ ದೊಡ್ಡ ಎಳೆಗಳು ಕೆಲಸಕ್ಕಿಳಿಯುವುದು ಚಿಕ್ಕವು ದಣಿದ ಮೇಲೆಯೇ. ಭಾರದಲ್ಲಿ ಆ ದೊಡ್ಡ ಎಳೆಗಳು ಮೊದಲ ಸಲ ಎತ್ತುವಾಗಲೇ ಎಚ್ಚರಗೊಳ್ಳುತ್ತವೆ. ಎತ್ತುವ ಹೊತ್ತು ಕಷ್ಟವೇ, ಆದರೆ ಐದಕ್ಕೆ ಮುಗಿಯುತ್ತದೆ, ಮಧ್ಯೆ ವಿಶ್ರಾಂತಿ ಇರುತ್ತದೆ. ಆದ್ದರಿಂದ ಹಗುರವೆಂದರೆ ಸುಲಭ ಎಂದುಕೊಳ್ಳಬಾರದು. ಸ್ನಾಯು ಬೆಳೆಯಲು ಎರಡು ದಾರಿಯೂ ಆದೀತು. ಮೂಳೆಗೆ ಮಾತ್ರ ಎಷ್ಟು ಸಲ ಎನ್ನುವುದಕ್ಕಿಂತ ಎಷ್ಟು ಭಾರ ಎನ್ನುವುದೇ ಮುಖ್ಯ.

ಮೂರನೆಯ ಬಗೆ ವೇಗದ್ದು: ಮಧ್ಯಮ ತೂಕವನ್ನು ಚುರುಕಾಗಿ ಎತ್ತಿ ನಿಧಾನವಾಗಿ ಇಳಿಸುವುದು. ಇದರಲ್ಲಿ ಉರಿ ಕಡಿಮೆ. ವಯಸ್ಸಾದಂತೆ ಬಲಕ್ಕಿಂತ ಬೇಗ ಕುಸಿಯುವುದು ಈ ಚುರುಕು. ಎಡವಿದಾಗ ಕಾಲನ್ನು ಥಟ್ಟನೆ ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾದದ್ದೂ ಅದೇ. ಇದನ್ನು ಯಂತ್ರದಲ್ಲಿ ಕೂತು ಮಾಡುವವರಿಗೆ ಬೆನ್ನಿಗೆ ಆಸರೆ ಇರುವುದರಿಂದ ಹೆದರಿಕೆ ಬೇಗ ಹೋಗುತ್ತದೆ. ಕೂತು ಮಾಡುವುದರಿಂದ ಸಮತೋಲವನ್ನು ಮಾತ್ರ ಬೇರೆಯಾಗಿಯೇ ಅಭ್ಯಾಸ ಮಾಡಬೇಕು.

ವಯಸ್ಸು ಮೀರಿತು ಎನ್ನುವವರಿಗೆ ಬಾಸ್ಟನ್ನಿನ ಒಂದು ಸಂಗತಿ ಹೇಳಲೇಬೇಕು. ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವಯಸ್ಸಿನ ಹತ್ತು ಮಂದಿಗೆ ಮಾರಿಯಾ ಫಿಯಾಟರೋನೆ ಮತ್ತು ಜೊತೆಗಾರರು ಎಂಟು ವಾರ ಭಾರದ ತರಬೇತಿ ಕೊಟ್ಟರು. 1990ರಲ್ಲಿ ಪ್ರಕಟವಾದ ಅವರ ವರದಿಯಂತೆ ಅದನ್ನು ಪೂರೈಸಿದವರ ಕಾಲಿನ ಬಲ ಸರಾಸರಿ ಶೇ. 174 ಏರಿತ್ತು.

ಹಾಗೆಂದು ನಾಳೆಯೇ ಮನೆಯಲ್ಲಿ ಸಿಕ್ಕ ಭಾರ ಎತ್ತಬೇಡಿ. ರಕ್ತದೊತ್ತಡ, ಮೂಳೆಯ ಸಾಂದ್ರತೆ ಎರಡನ್ನೂ ವೈದ್ಯರಿಗೆ ತೋರಿಸಿ. ಬಲ್ಲವರ ಮುಂದೆ ನಿಂತು, ಬೆನ್ನು ಬಾಗದಂತೆ ಎತ್ತುವುದನ್ನು ತಿಂಗಳುಗಟ್ಟಲೆ ಕಲಿಯಿರಿ. ಕಲಿತ ಮೇಲೂ ಯಾರಾದರೂ ನಿಮಗೆ ಒಂದು ಕಿಲೋ ಸಾಕಮ್ಮ ಎಂದರೆ, ಏಕೆಂದು ಕೇಳಿ.